ಕೈ ಹಿಂದೆ ಎಂಬ ನಾಲ್ಕನೆಯ ನಿಯಮ

ನವೆಂಬರ್ ತಿಂಗಳ ಎರಡನೆಯ ಶನಿವಾರ. ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಅವರ್ಸಾದ ಸಮುದಾಯ ಭವನ. ಹಾಜರಿದ್ದವರು: ನಾನು, ಹನ್ನೊಂದು ಮಂದಿ ಹೆಂಗಸರು, ಹೊರ ಜಿಲ್ಲೆಯಿಂದ ಬಂದ ಪರೀಕ್ಷಕ ಒಬ್ಬ. ಹನ್ನೆರಡನೆಯವಳು ಒಂಬತ್ತೂ ನಾಲ್ಕಕ್ಕೆ ಬಂದಳು. ಹಾಜರಿ ಪುಸ್ತಕದಲ್ಲಿ ಒಂಬತ್ತೂ ನಾಲ್ಕು ಎಂದೇ ಬರೆದಿದ್ದೇನೆ.

ಅವಳು ಮಾಜಾಳಿಯ ಮೀನು ಮಾರುವ ಹೆಂಗಸು. ಮಾಜಾಳಿಯಿಂದ ಕಾರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಅಂಕೋಲೆಯ ಕಡೆಗೆ ಇನ್ನೊಂದು. ನಾನು ಗಡಿಯಾರ ನೋಡಿದ್ದನ್ನು ಅವಳು ನೋಡಿದಳು.

"ನಂಗೆ ಹೇಳೂದು ಬೇಡ ಅಕ್ಕೋರಾ, ಬಸ್ಸಿನವ್ನಿಗೆ ಹೇಳಿ. ಅವ್ನ ಹಾಜರಿ ಯಾರೂ ತಕಣೂದಿಲ್ಲ" ಎಂದು ಚಪ್ಪಲಿ ಕಳಚಿ, ನನ್ನ ಉತ್ತರಕ್ಕೆ ಕಾಯದೆ ನಲ್ಲಿಯ ಕಡೆ ಹೋದಳು. ಬಂದ ಕೂಡಲೇ ಕೈ ತೊಳೆಯುವುದು ನನ್ನ ತರಗತಿಯ ಮೊದಲನೆಯ ನಿಯಮ. ಅದರಲ್ಲಿ ಅವಳು ಒಂದು ದಿನವೂ ತಪ್ಪಿದವಳಲ್ಲ.

ನಾನು ಮೂವತ್ತಾರು ವರ್ಷ ನರ್ಸ್ ಆಗಿದ್ದವಳು. ಕೊನೆಯ ಒಂಬತ್ತು ವರ್ಷ ವಾರ್ಡುಗಳ ಮೇಲ್ವಿಚಾರಣೆ ನನ್ನದಾಗಿತ್ತು. ಹದಿನೇಳನೆಯ ವಯಸ್ಸಿಗೆ ಅಂಕೋಲೆಯ ಹತ್ತಿರದ ಹಳ್ಳಿಯಿಂದ ತರಬೇತಿಯ ಹಾಸ್ಟೆಲಿಗೆ ಹೋದೆ. ಅಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಆರಕ್ಕೆ ಹಾಸಿಗೆಯ ತಪಾಸಣೆ. ಚಾದರದ ಮೂಲೆ ಲಕೋಟೆಯ ಹಾಗೆ ಮಡಚಿರಬೇಕು. ಸಡಿಲವಿದ್ದರೆ ಮೇಟ್ರನ್ ಮಾತಾಡುತ್ತಿರಲಿಲ್ಲ, ಇಡೀ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಮೊದಲ ತಿಂಗಳು ನಾನು ಅತ್ತೆ. ಎರಡನೆಯ ತಿಂಗಳಿಂದ ಇಂದಿನವರೆಗೆ ನನ್ನ ಹಾಸಿಗೆಯ ಮೂಲೆ ಸಡಿಲವಾಗಿಲ್ಲ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ನಿಯಮ ಎಂದರೆ ಮೂಗು ಮುರಿಯುವ ಜಾತಿ ನನ್ನದಲ್ಲ ಎಂಬುದು ಓದುವವರಿಗೆ ಮೊದಲೇ ತಿಳಿದಿರಲಿ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬಾರದೇ ಎಂದು ಕೇಳಿದವರು ಬಹಳ. ಅವರಿಗೆಲ್ಲ ನನ್ನ ಉತ್ತರ ಒಂದೇ: ನಿಮಗೆ ಶನಿವಾರ ಏನು ಕೆಲಸ, ಹೇಳಿ. ಅದು ಇದಕ್ಕಿಂತ ಮುಖ್ಯವಾಗಿದ್ದರೆ ನಾನು ಇದನ್ನು ಬಿಡುತ್ತೇನೆ. ಈವರೆಗೆ ಯಾರೂ ಹೇಳಿಲ್ಲ.

ಭವನದ ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಬದಲಾಗುತ್ತಿರುವ ಉದ್ಯೋಗ ಜಗತ್ತಿಗೆ ಸಮುದಾಯವನ್ನು ಸಜ್ಜುಗೊಳಿಸುವ ಕಾರ್ಯಾಗಾರ ಎಂದು ಬರೆದಿತ್ತು. ಹೆಂಗಸರು ಅದನ್ನು ಶನಿವಾರದ ಶಾಲೆ ಎನ್ನುತ್ತಿದ್ದರು. ಕಾರವಾರದಿಂದ, ಅಂಕೋಲೆಯಿಂದ, ನಡುವಿನ ಹಳ್ಳಿಗಳಿಂದ ಬರುತ್ತಿದ್ದರು. ಬೆಳಗಿನ ಮೊದಲ ಗಂಟೆಯನ್ನು ಬೇರೆಯವರು ಬಂದು ತೆಗೆದುಕೊಳ್ಳುತ್ತಿದ್ದರು: ಫೋನಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದು, ಸಂದರ್ಶನದಲ್ಲಿ ಮಾತಾಡುವುದು, ಸಂಬಳದ ಚೀಟಿ ಓದುವುದು. ಉಳಿದ ದಿನವಿಡೀ ನನ್ನದು. ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿಯ ಕೆಲಸ ಕಲಿಸುವುದು. ಆಸ್ಪತ್ರೆಗಳಿಗೆ ಇಂಥವರು ಬೇಕು, ಗೋವಾದಲ್ಲಂತೂ ಇನ್ನೂ ಬೇಕು. ಆದರೆ ಪ್ರಮಾಣಪತ್ರ ಇಲ್ಲದೆ ಯಾರೂ ಒಳಗೆ ಸೇರಿಸುವುದಿಲ್ಲ.

ಮೊದಲ ಶನಿವಾರವೇ ಒಬ್ಬ ಅತಿಥಿ ಬಂದು, ಕಾಲ ಬದಲಾಗಿದೆ, ನೀವೂ ಬದಲಾಗಬೇಕು ಎಂದು ಮುಕ್ಕಾಲು ಗಂಟೆ ಹೇಳಿದರು. ಮಾಜಾಳಿಯವಳು ಕೊನೆಯ ತನಕ ಕೇಳಿ ಎದ್ದು ನಿಂತಳು. ಅವಳ ಅಪ್ಪ ದೋಣಿಗೆ ಹುಟ್ಟು ಹಾಕುತ್ತಿದ್ದನಂತೆ, ಅಣ್ಣಂದಿರು ಇಂಜಿನ್ನಿಗೆ ಬಂದರಂತೆ. ಇವಳು ಬುಟ್ಟಿಯಿಂದ ಐಸ್ ಪೆಟ್ಟಿಗೆಗೆ ಬಂದಳು. ಈಗ ಫೋನಿನಿಂದ ದುಡ್ಡು ಬರುವ ಚೌಕದ ಚೀಟಿಗೆ ಪ್ಲಾಸ್ಟಿಕ್ ಹೊದಿಸಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದಾಳೆ, ಮೀನಿನ ನೀರು ತಾಗದ ಹಾಗೆ. ಇಷ್ಟನ್ನೂ ಹೇಳಿ, "ನಾವು ಬದ್ಲಾಗ್ತನೇ ಇದ್ದೇವೆ ಸರ್. ನೀವು ಎಂತ ಬದ್ಲಾದ್ರಿ?" ಎಂದು ಕೇಳಿದಳು. ಅತಿಥಿ ನಕ್ಕು ಗಡಿಯಾರ ನೋಡಿಕೊಂಡರು.

ಅವಳು ಮೀನು ಬಿಡುವುದಕ್ಕೆ ಕಾರಣ ಮೊಣಕಾಲು. ಜೊತೆಗೆ ಬೈಕಿನಲ್ಲಿ ಮನೆಮನೆಗೆ ಮೀನು ತಲುಪಿಸುವವರು ಬಂದ ಮೇಲೆ ಬೆಳಗಿನ ಗಿರಾಕಿ ಅರ್ಧ ಆಗಿದ್ದರು. ಗಡಿಯಾಚೆ ಗೋವಾದ ಒಂದು ನರ್ಸಿಂಗ್ ಹೋಮಿನವರು ಅವಳಿಗೆ ಮಾತು ಕೊಟ್ಟಿದ್ದರು: ಪರೀಕ್ಷೆ ಪಾಸಾದರೆ ಸೋಮವಾರ ಬಾ, ಎಂಟರಿಂದ ನಾಲ್ಕರ ಡ್ಯೂಟಿ, ವಾರಕ್ಕೊಂದು ರಜೆ. ಪಾಸಾಗದಿದ್ದರೆ ಆ ಜಾಗಕ್ಕೆ ಬೇರೆಯವರು. ಮುಂದಿನ ಪರೀಕ್ಷೆ ಆರು ತಿಂಗಳ ನಂತರ. ನಲವತ್ನಾಲ್ಕರ ಹೆಂಗಸಿಗೆ ಇಂಥ ಮಾತು ಎರಡನೆಯ ಸಲ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈಗ ನಾಲ್ಕನೆಯ ನಿಯಮದ ವಿಷಯ.

ಪಾಠ ಶುರುವಾದ ದಿನ ಒಬ್ಬಳ ಕೈಗೆ ದಿಂಬು, ದಿಂಬಿನ ಚೀಲ ಕೊಟ್ಟು ಹಾಕಿ ತೋರಿಸು ಎಂದೆ. ನಾಲ್ಕು ಕೈ ಬಂದವು. ಒಬ್ಬಳು ಚೀಲದ ಬಾಯಿ ಅಗಲಿಸಿದಳು, ಒಬ್ಬಳು ದಿಂಬು ತಳ್ಳಿದಳು, ಇನ್ನೊಬ್ಬಳು ಮೂಲೆ ಹಿಡಿದು ಕೊಡವಿದಳು. ರಕ್ತದೊತ್ತಡ ನೋಡುವುದು ಕಲಿಸಿದಾಗಲೂ ಅದೇ. ಪಟ್ಟಿ ಕಟ್ಟುವವಳು ಒಬ್ಬಳು, ಮೊಣಕೈ ಹಿಡಿದವಳು ಒಬ್ಬಳು, ನಳಿಗೆಯ ಗಂಟು ಬಿಡಿಸುವವಳು ಇನ್ನೊಬ್ಬಳು, ಮತ್ತೊಬ್ಬಳು ಎದುರು ನಿಂತು ರೋಗಿಗೆ ಹೆದ್ರೂದು ಬೇಡ ಎಂದು ಧೈರ್ಯ ಹೇಳುತ್ತಿದ್ದಳು. ಕೆಲಸವೇನೋ ಚಂದವಾಗಿಯೇ ಆಗುತ್ತಿತ್ತು. ಆದರೆ ಪರೀಕ್ಷೆಯ ಕಾಗದದಲ್ಲಿ ಸ್ಪಷ್ಟವಾಗಿತ್ತು: ಅಭ್ಯರ್ಥಿ ಒಬ್ಬಳೇ ಮಾಡಬೇಕು, ಕ್ಯಾಮೆರಾದಲ್ಲಿ ಅವಳೂ ರೋಗಿಯೂ ಬಿಟ್ಟು ಬೇರೆ ಯಾರೂ ಕಾಣಬಾರದು.

ಹಾಗಾಗಿ ದಪ್ಪ ಕಾಗದದ ಮೇಲೆ ಬರೆದು ಗೋಡೆಗೆ ತೂಗುಹಾಕಿದ್ದ ನಿಯಮಗಳಿಗೆ ನಾಲ್ಕನೆಯದನ್ನು ಸೇರಿಸಿದೆ: ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಬಾಯಲ್ಲಿ ಅದಕ್ಕೆ ಎರಡೇ ಶಬ್ದ: ಕೈ ಹಿಂದೆ. ನಾನು ಹಾಗೆಂದ ಕೂಡಲೇ ಕೆಲಸ ಮಾಡುವವಳನ್ನು ಬಿಟ್ಟು ಉಳಿದವರೆಲ್ಲ ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲಬೇಕು. ಕವಾಯತಿನ ಹಾಗೆ ಎರಡು ತಿಂಗಳು ಮಾಡಿಸಿದೆ. ನಿಂತರು. ಬೆನ್ನ ಹಿಂದೆ ಬೆರಳುಗಳು ಒದ್ದಾಡುವುದು ನನಗೆ ಕಾಣುತ್ತಿತ್ತು.

ಒಂದು ದಿನ ಮಾಜಾಳಿಯವಳು ತಮ್ಮ ಕಡೆಯ ರಂಪಣಿಯ ಕಥೆ ಹೇಳಿದಳು. ರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ಮರಳಿನ ಮೇಲೆ ನಿಂತವರ ಕೈಯಲ್ಲಿ. ಬಲೆ ಯಾರದೇ ಇರಲಿ, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಯಲ್ಲಿ ಹೋಗುವವನು ನಿಂತು ಎಳೆದರೂ ಅವನಿಗೆ ಪಾಲು. ಈಗ ರಂಪಣಿ ಎಳೆಯುವುದು ಅಪರೂಪ. ಅವಳು ಎಂಟು ವರ್ಷದವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಹಗ್ಗ ಹಿಡಿದು, ಪಾಲಿಗೆ ಬಂದ ಬಂಗಡೆಯನ್ನು ಪಾಟಿಚೀಲದಲ್ಲಿ ಹಾಕಿಕೊಂಡು ಹೋಗಿ, ಮಾಸ್ತರರ ಕೈಯಲ್ಲಿ ಪೆಟ್ಟು ತಿಂದಿದ್ದಳಂತೆ.

"ಹಗ್ಗ ಎದ್ರಿಗೆ ಇದ್ದಾಗ ಕೈ ಕಟ್ಕಂಡು ನಿಂತವ್ರಿಗೆ ನಮ್ಮಲ್ಲಿ ಒಂದು ಹೆಸ್ರದೆ ಅಕ್ಕೋರಾ. ಅದು ನಿಮ್ಮ ಮುಂದೆ ಹೇಳೂಕೆ ಆಗೂದಿಲ್ಲ."

ಇದು ರಂಪಣಿಯಲ್ಲ, ವಾರ್ಡು ಎಂದೆ.

"ವಾರ್ಡಲ್ಲಿ ಒಬ್ರೇ ಎಳಿತ್ರಾ?" ಎಂದು ಕೇಳಿದಳು.

ಹೊತ್ತಾಯಿತೆಂದು ಪಾಠ ಮುಂದುವರಿಸಿದೆ. ಉತ್ತರ ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಮೊದಲ ವಾರವೇ ಕಲಿಸಿದ್ದು, ಮೂವತ್ತಾರು ವರ್ಷ ನಾನೇ ಕಿರಿಯರಿಗೆ ಕಲಿಸಿದ್ದು: ಭಾರದ ರೋಗಿಯನ್ನು ಎತ್ತುವಾಗ ಇಬ್ಬರು. ಒಬ್ಬಳೇ ಎತ್ತಲು ಹೋಗಿ ಸೊಂಟ ಕಳೆದುಕೊಂಡ ನರ್ಸುಗಳನ್ನು ನಾನು ಕಂಡಿದ್ದೇನೆ. ಆದರೂ ಪರೀಕ್ಷೆಯ ಕಾಗದ ಕೇಳಿದ್ದನ್ನೇ ಕಲಿಸಿದೆ. ಪಾಸಾಗಲಿ, ಆಮೇಲೆ ವಾರ್ಡೇ ಅವರಿಗೆ ಸರಿಯಾದದ್ದನ್ನು ಕಲಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ನವೆಂಬರ್ ಶನಿವಾರ ಬಂದ ಪರೀಕ್ಷಕನಿಗೆ ಮೂವತ್ತರ ಒಳಗಿನ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ಅಚ್ಚುಕಟ್ಟಾದ ಬರವಣಿಗೆ. ಒಂಬತ್ತಕ್ಕೆ ಕರೆದರೆ ಎಂಟೂ ನಲವತ್ತೈದಕ್ಕೆ ಬಂದಿದ್ದ. ಮೊದಲ ನೋಟಕ್ಕೇ ನನಗೆ ಅವನು ಹಿಡಿಸಿದ್ದ ಎಂದು ಒಪ್ಪಿಕೊಳ್ಳಬೇಕು. ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿ ಮಂಚ, ವೀಲ್‌ಚೇರ್ ಎರಡಕ್ಕೂ ಚೌಕ ಹಾಕಿದ. ಸ್ಟ್ಯಾಂಡಿನ ಮೇಲೆ ಟ್ಯಾಬ್ ನಿಲ್ಲಿಸಿದ. ಪಟ್ಟಿಯ ಒಳಗೆ ಅಭ್ಯರ್ಥಿ ಮತ್ತು ರೋಗಿ ಮಾತ್ರ. ಉಳಿದವರು ಗೋಡೆಯ ಹತ್ತಿರದ ಬೆಂಚಿನ ಮೇಲೆ.

ರೋಗಿಯ ಪಾತ್ರ ಅಂಕೋಲೆಯ ಹೊಲಿಗೆಯವಳದು. ಹನ್ನೆರಡು ಮಂದಿಯಲ್ಲಿ ಅವಳೇ ದಪ್ಪ. ತಾನಾಗಿಯೇ ಮುಂದೆ ಬಂದು, "ನಾನ್ ಮಲಗ್ತೆ. ಹನ್ನೊಂದು ಸಲ ಎತ್ತಿ ಕೂರ್ಸೂಕೆ ನಂಗೆ ಮತ್ತೆ ಯಾರು ಸಿಗ್ತ್ರು" ಎಂದು ಮಂಚ ಹತ್ತಿ ಕಣ್ಣು ಮುಚ್ಚಿದ್ದಳು.

ಕೆಲಸ ಇಷ್ಟು: ಬಲಗಾಲಿಗೆ ಶಕ್ತಿಯಿಲ್ಲದ ರೋಗಿಯನ್ನು ಮಂಚದಿಂದ ವೀಲ್‌ಚೇರಿಗೆ ಕೂರಿಸಬೇಕು. ಐದು ನಿಮಿಷದ ಒಳಗೆ. ಮಾಜಾಳಿಯವಳು ಮೂರನೆಯವಳಾಗಿ ಹೋಗಿ ಮೂರು ಮುಕ್ಕಾಲು ನಿಮಿಷಕ್ಕೆ ಮುಗಿಸಿದಳು. ಪರೀಕ್ಷಕ ತಲೆದೂಗಿದ. ನಾನು ಕಿಟಕಿಯ ಕಡೆ ನೋಡಿದೆ. ಕಲಿಸಿದವಳ ಮುಖ ಅಭ್ಯರ್ಥಿಗೆ ಕಾಣಬಾರದು.

ಎಂಟನೆಯವಳು ಅವರ್ಸಾದ ಹುಡುಗಿ. ಇಪ್ಪತ್ತೆರಡು ವರ್ಷ, ಗದ್ದೆ-ತೆಂಗಿನ ಮನೆಯವಳು, ಊರಿನ ಭವನವೆಂದು ಸ್ವಲ್ಪ ಗತ್ತು. ಮೊದಲ ಶನಿವಾರ ಮಾಜಾಳಿಯವಳು ಪಕ್ಕದಲ್ಲಿ ಬಂದು ಕೂತಾಗ ಮೂಗಿಗೆ ವೇಲಿನ ಚುಂಗು ಹಿಡಿದು ಜಾಗ ಬದಲಿಸಿದ್ದಳು. ಆಮೇಲೆ ಇಬ್ಬರೂ ಒಂದು ಬೆಂಚಿನಲ್ಲಿ ಕೂತದ್ದೇ ಇಲ್ಲ. ಮಾಜಾಳಿಯವಳು ಅವಳನ್ನು ಅವರ್ಸಾದ ರಾಣಿ ಎಂದು ಕರೆಯುತ್ತಿದ್ದಳು, ಎದುರಿಗೇ.

ಸಮಯ ಹನ್ನೆರಡೂ ಇಪ್ಪತ್ತು. ಹುಡುಗಿ ಕೈ ತೊಳೆದಳು, ರೋಗಿಗೆ ನಮಸ್ಕಾರ ಹೇಳಿದಳು, ಕುರ್ಚಿ ತಂದು ಮಂಚಕ್ಕೆ ಓರೆಯಾಗಿ ನಿಲ್ಲಿಸಿದಳು. ಬಲಬದಿಯ ಬ್ರೇಕ್ ಹಾಕಿದಳು. ಎಡಬದಿಯದು ಹಾಕಲಿಲ್ಲ. ನನಗೆ ಕಂಡಿತು. ಪರೀಕ್ಷೆಯಲ್ಲಿ ನಾನು ಮಾತಾಡುವಂತಿಲ್ಲ. ರೋಗಿಯ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿದಳು, ತಿರುಗಿಸಿದಳು, ಕುರ್ಚಿಗೆ ಇಳಿಸಹೋದಳು. ಒಂದು ಗಾಲಿ ನಿಂತು ಇನ್ನೊಂದು ಉರುಳಿ, ಕುರ್ಚಿ ಗಿರ್ರನೆ ಪಕ್ಕಕ್ಕೆ ತಿರುಗಿತು. ಹೊಲಿಗೆಯವಳ ಕೆಳಗೆ ಏನೂ ಇರಲಿಲ್ಲ. ಅವಳ ಅಷ್ಟೂ ಭಾರ ಹುಡುಗಿಯ ಕುತ್ತಿಗೆಯ ಮೇಲೆ. ಹಿಂದೆ ಮಂಚದ ಕಬ್ಬಿಣದ ಅಂಚು.

ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ನಾನು ಕೂಗಿದೆ.

ಕೂಗಿದ್ದು ಏನೆಂದರೆ: ಕೈ ಹಿಂದೆ.

ಮೂವತ್ತಾರು ವರ್ಷ ವಾರ್ಡಿನಲ್ಲಿ ದುಡಿದವಳ ಬಾಯಿಂದ, ಒಬ್ಬ ರೋಗಿ ಬೀಳುತ್ತಿರುವಾಗ, ಬಂದ ಮಾತು ಅದು. ಎದ್ದು ನಿಂತವರಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಅಲ್ಲೇ ನಿಂತರು, ಕೈ ಬೆನ್ನ ಹಿಂದೆ. ನನ್ನ ಎರಡು ತಿಂಗಳ ಕವಾಯತು ಅಷ್ಟು ಚೆನ್ನಾಗಿ ಫಲ ಕೊಟ್ಟಿತ್ತು. ಹಳದಿ ಪಟ್ಟಿ ದಾಟಿದವಳು ಮಾಜಾಳಿಯವಳು ಒಬ್ಬಳೇ. ಗಾಲಿಗೆ ಪಾದ ಅಡ್ಡ ಕೊಟ್ಟು ಕುರ್ಚಿಯನ್ನು ನಿಲ್ಲಿಸಿದಳು, ಹೊಲಿಗೆಯವಳ ಇನ್ನೊಂದು ಕಂಕುಳಿಗೆ ತೋಳು ತೂರಿಸಿದಳು. "ಹೂಂ, ಈಗ" ಎಂದಳು. ಇಬ್ಬರೂ ಸೇರಿ ಅವಳನ್ನು ಕೂರಿಸಿದರು. ಹುಡುಗಿ ಎಡಬದಿಯ ಬ್ರೇಕ್ ಹಾಕಿ ಅತ್ತಳು.

ಪರೀಕ್ಷಕ ಟ್ಯಾಬಿನ ಗಡಿಯಾರ ನಿಲ್ಲಿಸಿದ. ಏನೂ ಜೋರು ಮಾಡಲಿಲ್ಲ. ಹೊರಗಿನ ಸಹಾಯ ಪಡೆದ ಕಾರಣ ಎಂಟನೆಯ ಅಭ್ಯರ್ಥಿ ಅನುತ್ತೀರ್ಣಳು, ಹಸ್ತಕ್ಷೇಪ ಮಾಡಿದ ಕಾರಣ ಮೂರನೆಯ ಅಭ್ಯರ್ಥಿಯ ಫಲಿತಾಂಶ ರದ್ದು ಎಂದ. ಮೂರನೆಯವಳ ಹೆಸರಿನ ಮುಂದಿನ ಹಸಿರು ಗುರುತು ಕೆಂಪಾಗುವುದನ್ನು ನಾನು ನೋಡಿದೆ.

"ನಿಯಮ ನಾನು ಬರೆದದ್ದಲ್ಲ ಮೇಡಂ" ಎಂದ ನನಗೆ. "ನಿಮ್ಮ ಗೋಡೆಯ ಮೇಲೂ ಅದೇ ಇದೆ."

ಇತ್ತು. ನನ್ನದೇ ಅಕ್ಷರದಲ್ಲಿ.

ಉಳಿದವರ ಪರೀಕ್ಷೆ ಒಂದು ಗಂಟೆಯ ತನಕ ನಡೆಯಿತು, ಹೊಲಿಗೆಯವಳ ಸರದಿಗೆ ಇನ್ನೊಬ್ಬಳು ರೋಗಿಯಾದಳು. ಒಂದಕ್ಕೆ ಊಟ. ಏನೇ ಆದರೂ ಒಂದಕ್ಕೆ ಊಟ. ಡಬ್ಬಿಗಳು ಬಿಚ್ಚಿಕೊಂಡವು, ಎಂದಿನ ಹಾಗೆ ಒಬ್ಬರದು ಇನ್ನೊಬ್ಬರ ತಟ್ಟೆಗೆ ಹೋಯಿತು. ಪರೀಕ್ಷಕ ಮೂಲೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದ. ಮಾಜಾಳಿಯವಳು ಎದ್ದು ಅವನ ಮುಂದೆ ಅನ್ನ, ಕೋಕಂ ಹಾಕಿದ ಸೋಲ್‌ಕಡಿ, ಹುಡುಗಿಯ ಮನೆಯ ಬಸಳೆ ಸಾರು ಇಟ್ಟಳು. ಮೀನು ತಿನ್ನುವುದಿಲ್ಲ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಬೇಡ ಎಂದ.

"ತಿನ್ನಿ ತಮಾ. ಹಸ್ದವ್ರ ಮೇಲೆ ಸಿಟ್ಟು ಮಾಡೂಕೆ ಆಗೂದಿಲ್ಲ. ಪರೀಕ್ಷೆಲ್ಲಿ ಕೈ ಹಾಕೂಕಾಗೂದಿಲ್ಲ, ಊಟಕ್ಕಾದ್ರೂ ಹಾಕ್ಬಹುದಲ್ಲ?"

ನಗು ಬಂತು, ಅವನಿಗೂ. ಊಟ ಮಾಡಿದ. ಮಾಡಿದ ಮೇಲೆ ಹೊರಗೆ ಹೋಗಿ ತನ್ನ ಕಚೇರಿಗೆ ಫೋನು ಮಾಡಿ ಬಂದು, ಒಂದು ದಾರಿ ಇದೆ ಎಂದ. ನಿಯಮ ಗೊತ್ತಿಲ್ಲದೆ ತಪ್ಪು ಮಾಡಿದೆ, ಕ್ಷಮಿಸಬೇಕು ಎಂದು ಮೂರನೆಯ ಅಭ್ಯರ್ಥಿ ಬರೆದುಕೊಟ್ಟರೆ ಅವಳಿಗೆ ಇಂದೇ ಮರುಪರೀಕ್ಷೆ ಕೊಡಬಹುದಂತೆ. ಹುಡುಗಿಗೆ ಆಗುವುದಿಲ್ಲ, ಅವಳು ಆರು ತಿಂಗಳು ಕಾಯಬೇಕು.

ಎಲ್ಲರೂ ಮಾಜಾಳಿಯವಳನ್ನು ಸುತ್ತಿಕೊಂಡರು. ಒಂದು ಕಾಗದ, ಒಂದು ಸಹಿ, ಅಷ್ಟಕ್ಕೆ ಎಂತ ಆಗುತ್ತದೆ ಎಂದರು. ಸೋಮವಾರದ ಕೆಲಸ ನೆನಪಿಸಿದರು. ಹುಡುಗಿಯೂ ಬರೆದುಕೊಡಲು ಬೇಡಿಕೊಂಡಳು. ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದೆ. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಅವಳು ಪೆನ್ನು ಮುಟ್ಟಲಿಲ್ಲ.

"ಗೊತ್ತಿಲ್ದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು. ನಾನು ತಪ್ಪು ಅಂತ ಬರ್ದು ಕೊಟ್ರೆ, ಮುಂದಿನ ಸಲ ಯಾರಾದ್ರೂ ಬೀಳೂವಾಗ ನನ್ನ ಕೈ ಮುಂದೆ ಹೋಗೂದಿಲ್ಲ ಅಕ್ಕೋರಾ. ಒಂದು ಗಳಿಗೆ ನಿಲ್ತದೆ. ಆ ಗಳಿಗೇಲಿ ಅವ್ರು ಬಿದ್ದಾಗ್ತದೆ. ಮೀನೇ ಮಾರ್ತೆ, ಅಡ್ಡಿಲ್ಲ."

ಇಷ್ಟು ಹೇಳಿ ಡಬ್ಬಿ ತೊಳೆಯಲು ಹೋದಳು.

ನಾನು ಪೆನ್ನಿನ ಮುಚ್ಚಳ ಹಾಕಲಿಲ್ಲ. ಮೇಜಿಗೆ ಕುರ್ಚಿ ಎಳೆದು ಕೂತೆ. ವಾರ್ಡಿನಲ್ಲಿ ಏನಾದರೂ ಅನಾಹುತವಾದರೆ, ಆಗುವುದರಲ್ಲಿತ್ತು ಎಂದರೂ, ಆ ಪಾಳಿ ಮುಗಿಯುವ ಮೊದಲು ಘಟನೆಯ ವರದಿ ಬರೆಯಬೇಕು. ಯಾರನ್ನೂ ಬೈಯಬಾರದು, ಹೊಗಳಬಾರದು, ನೋಡಿದ್ದನ್ನು ಹೊತ್ತಿನ ಸಮೇತ ಬರೆಯಬೇಕು. ಬರೆಯುವವಳ ತಪ್ಪಿದ್ದರೆ ಅದನ್ನೂ. ನೂರಾರು ಬರೆದಿದ್ದೇನೆ. ಆ ದಿನದ್ದು ಇದು:

ಮಧ್ಯಾಹ್ನ 12.20. ಎಂಟನೆಯ ಅಭ್ಯರ್ಥಿ ರೋಗಿಯನ್ನು ಮಂಚದಿಂದ ವೀಲ್‌ಚೇರಿಗೆ ಕೂರಿಸುತ್ತಿದ್ದರು. ಎಡ ಬ್ರೇಕ್ ಹಾಕಿರಲಿಲ್ಲ. ಕುರ್ಚಿ ಸರಿಯಿತು. ರೋಗಿ ಬೀಳುವ ಸ್ಥಿತಿ ಬಂತು. ಹತ್ತಿರದಲ್ಲಿ ಕಬ್ಬಿಣದ ಅಂಚು ಇತ್ತು. ಯಾರೂ ಮುಂದೆ ಬರಬಾರದು ಎಂದು ತರಬೇತುದಾರಳು, ಅಂದರೆ ಈ ವರದಿ ಬರೆಯುವವಳು, ಆಜ್ಞೆ ಮಾಡಿದಳು. ಮೂರನೆಯ ಅಭ್ಯರ್ಥಿ ಆಜ್ಞೆ ಪಾಲಿಸಲಿಲ್ಲ. ಗಾಲಿಗೆ ಕಾಲು ಕೊಟ್ಟು, ರೋಗಿಗೆ ಆಧಾರ ಕೊಟ್ಟರು. ರೋಗಿ ಬೀಳಲಿಲ್ಲ. ಯಾರಿಗೂ ಗಾಯವಿಲ್ಲ. ಆಜ್ಞೆ ತಪ್ಪು.

ಕೆಳಗೆ ಸಹಿ ಹಾಕಿ, ಹುದ್ದೆ ಬರೆದು, ಎರಡು ಪ್ರತಿ ಮಾಡಿ ಒಂದನ್ನು ಪರೀಕ್ಷಕನ ಮುಂದೆ ಇಟ್ಟೆ. ಇದನ್ನು ಫಲಿತಾಂಶದ ಜೊತೆ ಸೇರಿಸಬೇಕು ಎಂದೆ. ಅಂಥ ಕಾಲಂ ಇಲ್ಲ ಎಂದ. ಕಾಲಂ ಇಲ್ಲದಿದ್ದರೆ ಪಿನ್ ಇದೆ, ನನ್ನ ಡಬ್ಬಿಯಲ್ಲಿ ಬೇಕಾದಷ್ಟಿದೆ ಎಂದೆ. ಕೇಂದ್ರದ ಹೊಣೆಗಾರಳಾಗಿ ಕೊನೆಯ ಹಾಳೆಗೆ ನನ್ನ ಸಹಿ ಬೇಕು. ವರದಿ ಸೇರದ ಹಾಳೆಗೆ ನಾನು ಸಹಿ ಹಾಕುವುದಿಲ್ಲ.

"ಆಗ ಹನ್ನೆರಡೂ ಮಂದಿಯ ಫಲಿತಾಂಶ ನಿಲ್ಲುತ್ತದೆ ಮೇಡಂ" ಎಂದ ಅವನು.

ಬೆಂಚಿನ ಕಡೆ ನೋಡಿದೆ. ಹತ್ತು ಮಂದಿ ಪಾಸಾದವರು. ಅವರ ಪರವಾಗಿ ನಿರ್ಧರಿಸುವ ಹಕ್ಕು ನನಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಹೊಲಿಗೆಯವಳು ಕೂತಲ್ಲಿಂದಲೇ ಹೇಳಿದಳು.

"ನಿಲ್ಲಲಿ ಸರ್. ಬೀಳೂದಿತ್ತು ನಾನು, ನೀವಲ್ಲ."

ಉಳಿದವರಲ್ಲಿ ಯಾರೂ ಎದ್ದು ಬೇಡವೆನ್ನಲಿಲ್ಲ.

ಪರೀಕ್ಷಕ ವರದಿಯನ್ನು ಎರಡು ಸಲ ಓದಿದ. ಕೊನೆಯ ಎರಡು ಶಬ್ದಗಳ ಮೇಲೆ ಬೆರಳಿಟ್ಟು, ಇದು ನಿಮಗೆ ತೊಂದರೆ ಆಗಬಹುದು ಎಂದ. ಆಗಲಿ ಎಂದೆ. ಪಿಂಚಣಿ ತೆಗೆದುಕೊಳ್ಳುವವಳನ್ನು ಯಾರೂ ಬೇರೆ ವಾರ್ಡಿಗೆ ವರ್ಗ ಮಾಡಲಾರರು. ಅವನು ಟ್ಯಾಬಿನಲ್ಲಿ ನಿಯಮಗಳ ಪುಸ್ತಕ ತೆರೆದು ಮೊದಲಿನಿಂದ ಓದತೊಡಗಿದ. ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಓದುವವನನ್ನು ನಾನು ಎಬ್ಬಿಸುವುದಿಲ್ಲ. ಮೂರು ಗಂಟೆಗೆ ಐದು ನಿಮಿಷವಿರುವಾಗ, "ಇಲ್ಲಿ ಒಂದು ಇದೆ ಮೇಡಂ" ಎಂದ. ಪರೀಕ್ಷೆಯ ನಡುವೆ ಯಾರದಾದರೂ ದೇಹಕ್ಕೆ ಅಪಾಯ ಬಂದರೆ ಆ ಪ್ರಯತ್ನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಲಿಖಿತ ವರದಿ ಪಡೆದು, ಸಂಬಂಧಪಟ್ಟವರಿಗೆಲ್ಲ ಮರುಪರೀಕ್ಷೆ ಕೊಡಬೇಕು. ನಿಯಮ ಅಲ್ಲೇ ಇತ್ತು. ಅವನೂ ಆ ಪುಟಕ್ಕೆ ಹೋಗಿರಲಿಲ್ಲ, ಅವನ ಕಚೇರಿಯವರೂ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ. ಯಾರೂ ಕ್ಷಮೆ ಕೇಳಬೇಕಾಗಿಯೂ ಇರಲಿಲ್ಲ.

ಮೊದಲು ಹುಡುಗಿ. ಕುರ್ಚಿ ನಿಲ್ಲಿಸಿ ಬಲ ಬ್ರೇಕ್, ಎಡ ಬ್ರೇಕ್ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. ನಾಲ್ಕು ನಿಮಿಷ ಐವತ್ತು ಸೆಕೆಂಡು. ಹಸಿರು.

ಆಮೇಲೆ ಮಾಜಾಳಿಯವಳು. ಅಷ್ಟರಲ್ಲಿ ಹೊಲಿಗೆಯವಳ ಧೈರ್ಯ ಮುಗಿದಿತ್ತು. ಒಮ್ಮೆ ಕುರ್ಚಿಗೂ ಮಂಚಕ್ಕೂ ನಡುವೆ ತೂಗಾಡಿದ ದೇಹ ಈಗ ಕಲ್ಲಾಗಿತ್ತು. ಎಬ್ಬಿಸಿದರೆ ಏಳುತ್ತಿರಲಿಲ್ಲ, ಹಿಂದಕ್ಕೇ ಜಗ್ಗುತ್ತಿತ್ತು. ನಿಜವಾದ ರೋಗಿಗಳೂ ಹೀಗೆಯೇ, ಹೆದರಿದ ರೋಗಿಯ ತೂಕ ದುಪ್ಪಟ್ಟು. ಮಾಜಾಳಿಯವಳು ಒಮ್ಮೆ ಎಳೆದಳು, ಎರಡನೆಯ ಸಲ ಎಳೆದಳು. ಎರಡು ನಿಮಿಷ ಹೋಯಿತು. ನೋಯುವ ಮೊಣಕಾಲಿಗೆ ಅಂಗೈ ಒತ್ತಿಕೊಂಡಳು. ಬೆಂಚಿನಲ್ಲಿ ಒಂಬತ್ತು ಜೊತೆ ಕೈ ಬೆನ್ನ ಹಿಂದೆ ಇದ್ದವು, ಈ ಸಲ ನಾನು ಹೇಳಿರಲಿಲ್ಲ. ಹತ್ತನೆಯವಳು, ಆ ಹುಡುಗಿ, ಬೆಂಚಿನ ತುದಿಗೆ ಬಂದು ಕೂತಿದ್ದಳು.

ಮಾಜಾಳಿಯವಳು ಎಳೆಯುವುದನ್ನು ಬಿಟ್ಟಳು. ಮಂಚದ ಪಕ್ಕ ಬಗ್ಗಿ ಹೊಲಿಗೆಯವಳ ಮುಖಕ್ಕೆ ಮುಖ ತಂದಳು.

"ಅಗೋ, ಎಳಿಯೂದು ನಾನೊಬ್ಳೇ ಅಲ್ಲ. ನಿನ್ನ ಎಡಗಾಲು ಗಟ್ಟಿ ಅದೆ, ಎರಡೂ ಕೈ ಗಟ್ಟಿ ಅವೆ. ನೀನೂ ಹಗ್ಗಕ್ಕೆ ಕೈ ಹಾಕು. ಪಾಲು ಕೊಡ್ತೆ."

ಹೊಲಿಗೆಯವಳಿಗೆ ನಗು ಬಂತು. ನಕ್ಕ ದೇಹ ಸಡಿಲವಾಯಿತು. ಒಂದು ಕೈಯನ್ನು ಮಂಚಕ್ಕೆ ಊರಿಸಿ, ಇನ್ನೊಂದನ್ನು ಕುರ್ಚಿಯ ತೋಳಿಗೆ ಹಿಡಿಸಿ, ಎಡಗಾಲಿನ ಮೇಲೆ ಭಾರ ಹಾಕಿಸಿ, ಮಾಜಾಳಿಯವಳು ಎಣಿಸಿದಳು. ಮೂರಕ್ಕೆ ಇಬ್ಬರೂ ಒಟ್ಟಿಗೆ ಎದ್ದರು, ಒಟ್ಟಿಗೆ ತಿರುಗಿದರು. ಹೊಲಿಗೆಯವಳು ತಾನಾಗಿಯೇ ಕುರ್ಚಿಯಲ್ಲಿ ಕೂತಳು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಪಟ್ಟಿಯ ಒಳಗೆ ಇದ್ದವರು ಇಬ್ಬರೇ, ಅಭ್ಯರ್ಥಿ ಮತ್ತು ರೋಗಿ. ರೋಗಿ ಕೈ ಹಾಕಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಒಳ್ಳೆಯ ನರ್ಸು ಮಾಡುವುದೂ ಅದನ್ನೇ. ನಾನು ಆ ತರಗತಿಯಲ್ಲಿ ಅದನ್ನು ಒಮ್ಮೆ ಮಾತ್ರ ಹೇಳಿದ್ದೆ, ಅವಸರದಲ್ಲಿ.

ಹಸಿರು ಗುರುತು ಬಂತು. ಈ ಸಲ ನಾನು ಕಿಟಕಿಯ ಕಡೆ ನೋಡಲಿಲ್ಲ.

ಅವಳು ಹೊರಗಿನ ಮೆಟ್ಟಿಲಿಗೆ ಹೋಗಿ ಗೋವಾಕ್ಕೆ ಫೋನು ಮಾಡಿದಳು. ಕೊಂಕಣಿಯಲ್ಲಿ ಎರಡೇ ಮಾತು, ಸೋಮವಾರ ಬರುತ್ತೇನೆ ಎಂದು. ಬಸ್ಸಿನ ಹೊತ್ತಾಗಿತ್ತು. ಹುಡುಗಿ ಅವಳ ಚೀಲ ಎತ್ತಿಕೊಂಡು ರಸ್ತೆಯ ತನಕ ಹೋದಳು. "ರಾಣಿ, ಮೂಗು ಮುಚ್ಕ, ಚೀಲದಲ್ಲಿ ಮೀನಿನ ಡಬ್ಬಿ ಅದೆ" ಎಂಬ ಮಾತು ಗೇಟಿನ ಹತ್ತಿರ ಕೇಳಿತು. ಹುಡುಗಿ ಏನೆಂದಳೋ ಕೇಳಲಿಲ್ಲ.

ನಾಲ್ಕೂವರೆಗೆ ನಾನು ಕೊನೆಯ ಹಾಳೆಗೆ ಸಹಿ ಹಾಕಿದೆ. ವರದಿಯನ್ನು ಪಿನ್ ಮಾಡಿದ್ದು ಪರೀಕ್ಷಕನೇ. ನನ್ನ ಪ್ರತಿಯ ಮೇಲೆ ನೋಡಿದ್ದೇನೆ ಎಂದು ಬರೆದು ಸಹಿ ಹಾಕಿಕೊಟ್ಟ. ಹಳದಿ ಪಟ್ಟಿಯನ್ನು ನೆಲದಿಂದ ಕಿತ್ತು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿ, ಹುಬ್ಬಳ್ಳಿಯ ಬಸ್ಸಿಗೆ ಹೋದ.

ಚಾದರ ನಾಲ್ಕು, ದಿಂಬು ಎರಡು, ರಕ್ತದೊತ್ತಡದ ಯಂತ್ರ ಒಂದು, ಎಲ್ಲ ಎಣಿಸಿ ಕಪಾಟಿಗೆ ಸೇರಿಸಿದೆ. ವೀಲ್‌ಚೇರಿನ ಎರಡೂ ಬ್ರೇಕ್ ಹಾಕಿ ಅಲುಗಾಡಿಸಿ ನೋಡಿದೆ. ಆಮೇಲೆ ಗೋಡೆಯ ಕಾಗದವನ್ನು ಇಳಿಸಿ ಮೇಜಿನ ಮೇಲೆ ಹರಡಿದೆ. ನಾಲ್ಕನೆಯ ನಿಯಮದ ಮೇಲೆ ಅಡಿಪಟ್ಟಿ ಇಟ್ಟು ನೇರವಾಗಿ ಗೆರೆ ಎಳೆದೆ. ಕೆಳಗೆ ಅದೇ ದಪ್ಪದಲ್ಲಿ ಬರೆದೆ: ಭಾರದ ರೋಗಿಯನ್ನು ಎತ್ತುವಾಗ ಇಬ್ಬರು. ಪರೀಕ್ಷೆಯ ದಿನವೂ ಇದು ಗೋಡೆಯ ಮೇಲೆ ಇರುತ್ತದೆ. ಬರುವ ಪರೀಕ್ಷಕರು ಓದಿಕೊಳ್ಳಲಿ.

ಕಾಗದವನ್ನು ಮೊದಲಿನ ಮೊಳೆಗೇ ತೂಗುಹಾಕಿದೆ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದೆ. ಐದೂ ಇಪ್ಪತ್ತು.